ತಾತನ ಟ್ರಂಕಿನಿಂದ ಒಂದು ಸಿನಿಮಾ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಅಲ್ಲಿನ ಬೆಟ್ಟದ ಒಂದು ಬಂಡೆಯ ಮೇಲಿದ್ದ ಬ್ರಾಹ್ಮಿ ಅಕ್ಷರಗಳು 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಿದ್ದವು. ಅದುವರೆಗೆ ಸಿಕ್ಕಿದ್ದ ಧರ್ಮಶಾಸನಗಳಲ್ಲಿ ಅವನ್ನು ಬರೆಸಿದ ದೊರೆ ತನ್ನನ್ನು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಕರೆದುಕೊಂಡಿದ್ದ. ಅವನೇ ಅಶೋಕ ಎಂದು ವಿದ್ವಾಂಸರು ಸಿಂಹಳದ ಹಳೆಯ ಗ್ರಂಥಗಳ ಆಧಾರದಿಂದ ಹೇಳುತ್ತಿದ್ದರೇ ಹೊರತು ಕಲ್ಲಿನ ಸಾಕ್ಷಿ ಇರಲಿಲ್ಲ. ಮಸ್ಕಿಯ ಬಂಡೆಯಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು.

ಚಕ್ರವರ್ತಿಯ ಗತಿಯೇ ಹೀಗಾದರೆ ನಮ್ಮ ನಿಮ್ಮ ಮನೆಯ ಹಿರಿಯರ ಪಾಡೇನು? ಗೋಡೆಯ ಮೇಲಿನ ಹಳೆಯ ಫೋಟೋ ತೋರಿಸಿ ಕೇಳಿದರೆ ‘ಅವರು ನಮ್ಮ ತಾತ’, ‘ಅವರು ಮುತ್ಯಾ’ ಎನ್ನುತ್ತೇವೆ. ಅದು ಸಂಬಂಧವಾಯಿತು, ಹೆಸರಾಗಲಿಲ್ಲ. ಪಕ್ಕದಲ್ಲಿ ಸೆರಗು ಹೊದ್ದು ನಿಂತ ಹೆಂಗಸಿನ ಹೆಸರಂತೂ ಮೂರನೆಯ ತಲೆಮಾರಿಗೆ ಯಾರಿಗೂ ಗೊತ್ತಿರುವುದಿಲ್ಲ. ಹಳೆಯ ಕಾಗದಪತ್ರಗಳಲ್ಲಿ ಆಕೆ ಬಹುಮಟ್ಟಿಗೆ ಇಂಥವರ ಹೆಂಡತಿ ಮಾತ್ರ.

ಈಗ ಪ್ರತಿ ಮನೆಯಲ್ಲೂ ಕ್ಯಾಮೆರಾ ಇರುವ ಫೋನು ಇದೆ. ಹಾಗಾಗಿ ಅಜ್ಜ ಅಜ್ಜಿಯರ ಬದುಕನ್ನು ಮನೆಯಲ್ಲೇ ಉಳಿದ ಫೋಟೋ, ಪತ್ರ, ಕ್ಯಾಸೆಟ್ಟುಗಳಿಂದ ಸಾಕ್ಷ್ಯಚಿತ್ರ ಮಾಡಬೇಕೆಂಬ ಆಸೆ ಮೊಮ್ಮಕ್ಕಳಲ್ಲಿ ಮೂಡುವುದು ಸಹಜ. ಇಂಥ ಚಿತ್ರಗಳಿಗೆ ಹೊರದೇಶಗಳಲ್ಲಿ ಒಂದು ಪರಂಪರೆಯೇ ಇದೆ. ಅಮೆರಿಕದ ಅಲನ್ ಬರ್ಲಿನರ್ 1991ರಲ್ಲಿ ‘ಇಂಟಿಮೇಟ್ ಸ್ಟ್ರೇಂಜರ್’ ಎಂಬ ಚಿತ್ರ ಮಾಡಿದರು. ಅವರ ತಾಯಿಯ ತಂದೆ ಜೋಸೆಫ್ ಕಸೂಟೊ ಈಜಿಪ್ಟಿನಲ್ಲಿ ಬೆಳೆದು ಜಪಾನಿ ಕಂಪನಿಯೊಂದರ ಹತ್ತಿ ವ್ಯಾಪಾರದಲ್ಲಿದ್ದವರು. ಆತ್ಮಕಥೆ ಬರೆಯಲು ತೊಡಗಿ, ಅದನ್ನು ಮುಗಿಸದೆಯೇ ತೀರಿಕೊಂಡರು. ಅವರು ಬಿಟ್ಟುಹೋದ ಪತ್ರ, ಫೋಟೋಗಳ ಪೆಟ್ಟಿಗೆಗಳೇ ಮೊಮ್ಮಗನ ಚಿತ್ರಕ್ಕೆ ಬಂಡವಾಳವಾದವು. ವ್ಯಾಪಾರದ ಗೆಳೆಯರಿಗೆ ಅವರು ದೊಡ್ಡ ಮನುಷ್ಯ. ಹೆಂಡತಿ ಮಕ್ಕಳಿಗೆ ಕೈಗೆ ಸಿಗದ ಯಜಮಾನ. ಬರ್ಲಿನರ್ ಎರಡನ್ನೂ ಚಿತ್ರದಲ್ಲಿ ಉಳಿಸಿಕೊಂಡರು.

ಹತ್ತಿ ಬೆಳೆಯುವ ನಮ್ಮ ರಾಯಚೂರು ಸೀಮೆಯ ಟ್ರಂಕುಗಳಲ್ಲೂ ಇಂಥ ಸಾಮಗ್ರಿ ಇದೆ. ಆದರೆ ಅದನ್ನು ಓದಲು ಸ್ವಲ್ಪ ತಯಾರಿ ಬೇಕು. 1948ರ ಸೆಪ್ಟೆಂಬರಿನವರೆಗೆ ಈ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತದ ಭಾಷೆ ಉರ್ದು. ಆದ್ದರಿಂದ ತಾತನ ಹೊಲದ ಕಾಗದ ಓದಿಸಲು ಊರಿನಲ್ಲಿ ಉರ್ದು ಬಲ್ಲ ಹಿರಿಯರೊಬ್ಬರ ಮನೆಗೆ ಹೋಗಬೇಕಾದೀತು. ಅದರಲ್ಲಿ ‘1357’ ಎಂಬ ಇಸವಿ ಕಂಡರೆ ಗಾಬರಿ ಬೇಡ. ಅದು ಫಸಲಿ ವರ್ಷ. 590 ಕೂಡಿಸಿದರೆ 1947 ಬರುತ್ತದೆ, ಅಂದರೆ 1947-48ರ ಸಾಲು. ಲೆಕ್ಕದ ಪುಸ್ತಕದಲ್ಲಿ ‘ಹಾಲಿ ಸಿಕ್ಕಾ’ ಎಂದಿದ್ದರೆ ಅದು ಹೈದರಾಬಾದ್ ಸಂಸ್ಥಾನದ ಸ್ವಂತ ರೂಪಾಯಿ, ಬ್ರಿಟಿಷ್ ರೂಪಾಯಿಯಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ತಾತ ದುಡಿದಿದ್ದರೆ ‘ಹೈದರಾಬಾದ್ ಗೋಲ್ಡ್ ಮೈನ್ಸ್’ ಎಂಬ ಮೊಹರಿನ ಕಾಗದ ಸಿಗಬಹುದು. 1947ರಲ್ಲಿ ಸ್ಥಾಪನೆಯಾದ ಆ ಕಂಪನಿಯೇ 1956ರಲ್ಲಿ ಹಟ್ಟಿ ಕಂಪನಿಯಾಯಿತು. ಹೀಗೆ ಒಂದೊಂದು ಕಾಗದವೂ ಚಿತ್ರದ ಒಂದೊಂದು ದೃಶ್ಯವಾಗುತ್ತದೆ.

ಕಾಗದವೇ ಇಲ್ಲದವರು ಏನು ಮಾಡಬೇಕು? ಸಿಂಧನೂರು ಇದಕ್ಕೆ ಉತ್ತರ ಹೇಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಈ ಒಣಭೂಮಿಗೆ ನೀರು ತಂದಾಗ ನೀರಿನ ಹಿಂದೆಯೇ ಜನರೂ ಬಂದರು. ಆಂಧ್ರದ ರೈತರು ಕ್ಯಾಂಪು ಕಟ್ಟಿದರು. ಪೂರ್ವ ಪಾಕಿಸ್ತಾನ ಬಿಟ್ಟುಬಂದ ಬಂಗಾಳಿ ಕುಟುಂಬಗಳಿಗೆ ಇಲ್ಲಿ ಪುನರ್ವಸತಿ ಕ್ಯಾಂಪುಗಳಾದವು. ಉಟ್ಟ ಬಟ್ಟೆಯಲ್ಲಿ ಹೊರಟವರು ಆಲ್ಬಮ್ ಹೊತ್ತು ತರುವುದುಂಟೆ? ಅಂಥ ಮನೆಗಳಲ್ಲಿ ಅಜ್ಜಿಯ ಮಾತೇ ದಾಖಲೆ. ಆಕೆ ಹಾಡುವ ಹಾಡು, ಮಾಡುವ ಅಡುಗೆ, ಊರಿನ ಹೆಸರು ಹೇಳುವಾಗ ನಡುಗುವ ದನಿ. ಫೋಟೋ ಇನ್ನೂ ಹತ್ತು ವರ್ಷ ಕಾದೀತು, ಮಾತು ಕಾಯುವುದಿಲ್ಲ. ಚಿತ್ರ ಮಾಡಹೊರಟವರು ಮೊದಲು ಹಿಡಿಯಬೇಕಾದದ್ದು ಹಿರಿಯರ ದನಿಯನ್ನು.

ಇನ್ನು ಕಷ್ಟದ ಭಾಗ. ಹಿರಿಯರ ಚಿತ್ರವೆಂದರೆ ಬರೀ ಹೊಗಳಿಕೆ ಎಂದುಕೊಳ್ಳುವವರೇ ಹೆಚ್ಚು. ಆದರೆ ಟ್ರಂಕು ತೆರೆದರೆ ಬೇರೆಯವರ ಬದುಕೂ ಹೊರಗೆ ಬರುತ್ತದೆ. ತಾತನ ಹೊಲವನ್ನು ಉತ್ತವರು ಯಾರು? 1974ರ ಭೂಸುಧಾರಣೆಯಲ್ಲಿ ಹೊಲ ಹೋಯಿತೆಂದು ನಮ್ಮ ಮನೆಯವರು ಹೇಳುವ ಕಥೆ, ಅದೇ ಹೊಲ ಪಡೆದ ಮನೆಯಲ್ಲಿ ಹೇಗಿದೆ? ರಜಾಕಾರರ ಹಾವಳಿಗೆ ಹೆದರಿ ಗಡಿಯಾಚೆ ಹೋದ ಕುಟುಂಬಗಳಿದ್ದವು. ಪೊಲೀಸ್ ಕಾರ್ಯಾಚರಣೆಯ ನಂತರ ಸಂಕಟಕ್ಕೆ ಸಿಕ್ಕಿದ ಮುಸ್ಲಿಂ ಕುಟುಂಬಗಳೂ ಇದ್ದವು. ನೆರೆಮನೆಯವರ ಮಾತನ್ನು ಕೇಳದೆ ಮಾಡಿದ ಚಿತ್ರ ಮನೆಯವರಿಗಷ್ಟೇ ರುಚಿಸುತ್ತದೆ. ಕೇಳಿ ಮಾಡಿದ್ದು ಊರಿನ ಚರಿತ್ರೆಯಾಗುತ್ತದೆ. ಮನೆಯವರು ಬೇಡವೆಂದ ಸಂಗತಿಯನ್ನು ಬಿಡುವುದು ತಪ್ಪಲ್ಲ. ಆದರೆ ಆಗದ್ದನ್ನು ಆಯಿತೆಂದು ತೋರಿಸುವುದು ತಪ್ಪು. ಇಂದು ಕಂಪ್ಯೂಟರು ಹಳೆಯ ಫೋಟೋದ ತಾತನನ್ನು ನಗಿಸಬಲ್ಲದು, ಅವರ ಬಾಯಿಂದ ಮಾತೂ ಆಡಿಸಬಲ್ಲದು. ಅಂಥದ್ದನ್ನು ಬಳಸಿದರೆ, ಇದು ಕಟ್ಟಿದ ದೃಶ್ಯವೆಂದು ನೋಡುವವರಿಗೆ ಹೇಳಲೇಬೇಕು. ಇಲ್ಲವಾದರೆ ಮುಂದಿನ ತಲೆಮಾರು ಅದನ್ನೇ ನಿಜವೆಂದು ನಂಬುತ್ತದೆ.

ಇಷ್ಟಾಗಿ, ಸಿನಿಮಾ ಎಂದಾದರೂ ಮಾಡಬಹುದು. ಅದಕ್ಕೂ ಮೊದಲಿನ ಕೆಲಸಕ್ಕೆ ಖರ್ಚಿಲ್ಲ. ಹಳೆಯ ಫೋಟೋಗಳನ್ನು ಹರಡಿಕೊಂಡು ಮನೆಯ ಹಿರಿಯರ ಪಕ್ಕ ಕೂರಿ. ಇವರಾರು, ಇದು ಯಾವ ಊರು, ಯಾರ ಮದುವೆ ಎಂದು ಕೇಳಿ. ಅವರು ಹೇಳುವಾಗ ಫೋನಿನಲ್ಲಿ ದನಿ ಮುದ್ರಿಸಿಕೊಳ್ಳಿ. ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ, ಅಂಚಿನಲ್ಲಿ ಹಗುರವಾಗಿ ಹೆಸರು ಬರೆಯಿರಿ. ಬಾಲ್ ಪೆನ್ನಿನ ಒತ್ತಿಗೆ ಚಿತ್ರ ಹಾಳಾಗುತ್ತದೆ. ಹೆಂಗಸರ ಹೆಸರನ್ನು ಮರೆಯದೆ ಕೇಳಿ.

ಮಸ್ಕಿಯ ಬಂಡೆ ತನ್ನ ಮೇಲಿನ ಹೆಸರನ್ನು ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಕಾಪಾಡಿಕೊಂಡು ಬಂತು. ನಮ್ಮ ಟ್ರಂಕಿಗೆ ಅಷ್ಟು ಆಯುಸ್ಸಿಲ್ಲ. ಹೆಸರು ಹೇಳಬಲ್ಲವರು ಇನ್ನೂ ಮನೆಯ ಕಟ್ಟೆಯ ಮೇಲೆ ಕುಳಿತಿರುವಾಗಲೇ ಕೇಳಿಬಿಡುವುದು ಒಳ್ಳೆಯದು.