ಗೋಳಗುಮ್ಮಟದಲ್ಲಿ ಒಂದು ದಿನ

ಉತ್ತರ ಕರ್ನಾಟಕದ ಬಯಲುನಾಡಿನಲ್ಲಿ ವಿಜಯಪುರ ನಗರವನ್ನು ಸಮೀಪಿಸುವ ಪ್ರಯಾಣಿಕನಿಗೆ ಊರಿನ ಮನೆಮಠಗಳು ಕಾಣುವುದಕ್ಕಿಂತ ಮೊದಲೇ ಒಂದು ಭವ್ಯಾಕೃತಿ ಕಾಣಿಸುತ್ತದೆ. ದೂರದಿಂದ ನೋಡಿದಾಗ ಅದು ಬೋರಲು ಹಾಕಿದ ಮಹಾ ಕೊಪ್ಪರಿಗೆಯಂತೆ ತೋರುತ್ತದೆ. ಹತ್ತಿರ ಹೋದಂತೆಲ್ಲ ಅದರ ಗಾತ್ರ ಬೆಳೆಯುತ್ತ, ಕೊನೆಗೆ ನಮ್ಮನ್ನೇ ಕುಬ್ಜರನ್ನಾಗಿ ಮಾಡಿ ನಿಲ್ಲುತ್ತದೆ. ಇದೇ ಜಗತ್ಪ್ರಸಿದ್ಧವಾದ ಗೋಳಗುಮ್ಮಟ.

ಇಂತಹ ಸ್ಮಾರಕವನ್ನು ನೋಡಲು ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ದೊರೆಯುವುದು ಒಂದೇ ಒಂದು ದಿನ. ಆ ದಿನವನ್ನು ಬಳಸುವ ಬಗೆಗಳು ಹಲವು. ಊರಿನ ಎಲ್ಲ ಕಟ್ಟಡಗಳ ಮುಂದೆಯೂ ಗಳಿಗೆ ಹೊತ್ತು ನಿಂತು, ಯಾವುದನ್ನೂ ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳದೆ ಮರಳಿ ಬರುವವರುಂಟು. ಒಂದು ಕಟ್ಟಡವನ್ನಾದರೂ ಚೆನ್ನಾಗಿ ನೋಡಿ, ಅದು ಹೇಗೆ ನಿಂತಿದೆ, ಏಕೆ ಹೀಗಿದೆ ಎಂದು ಕೇಳಿಕೊಂಡು ಬರುವವರೂ ಉಂಟು. ಪ್ರವಾಸದ ಫಲ ಎರಡನೆಯವರಿಗೆ ದೊರೆಯುತ್ತದೆ.

ವಿಜಯಪುರವು 1490ರ ಸುಮಾರಿನಿಂದ 1686ರವರೆಗೆ ಆದಿಲ್‌ಶಾಹಿ ಅರಸರ ರಾಜಧಾನಿಯಾಗಿತ್ತು. ಬಹುಕಾಲ ಬಿಜಾಪುರವೆಂದು ಕರೆಯಿಸಿಕೊಳ್ಳುತ್ತಿದ್ದ ಈ ನಗರಕ್ಕೆ 2014ರ ನವೆಂಬರ್ 1ರಂದು ವಿಜಯಪುರವೆಂಬ ಹೆಸರು ಅಧಿಕೃತವಾಗಿ ಬಂದಿತು. ಆದಿಲ್‌ಶಾಹಿ ಅರಸರಲ್ಲಿ ಮಹಮದ್ ಆದಿಲ್‌ಶಹನು 1627ರಿಂದ 1656ರವರೆಗೆ ಆಳಿದನು. ಗೋಳಗುಮ್ಮಟವು ಅವನ ಸಮಾಧಿ. ತಾನು ಬದುಕಿದ್ದಾಗಲೇ ಅವನು ಇದನ್ನು ಕಟ್ಟಿಸಲು ತೊಡಗಿದನು. ಅವನ ತಂದೆ ಇಮ್ಮಡಿ ಇಬ್ರಾಹಿಂ ಆದಿಲ್‌ಶಹನ ಸಮಾಧಿಯು ಸೂಕ್ಷ್ಮವಾದ ಕೆತ್ತನೆಗೆ ಹೆಸರಾಗಿದೆ. ಕುಸುರಿ ಕೆಲಸದಲ್ಲಿ ಅದನ್ನು ಮೀರಿಸುವುದು ಕಷ್ಟ. ಮಗನ ಕಾಲದ ಶಿಲ್ಪಿಗಳು ಬೇರೊಂದು ದಾರಿಯನ್ನು ಹಿಡಿದರು. ಅವರು ಗಾತ್ರವನ್ನೂ ಸರಳತೆಯನ್ನೂ ನೆಚ್ಚಿದರು.

ಗೋಳಗುಮ್ಮಟವನ್ನು ನೋಡಲು ಬೆಳಗಿನ ಹೊತ್ತು ಪ್ರಶಸ್ತವಾದುದು. ಆಗ ಬಿಸಿಲಿನ ತಾಪವಿರುವುದಿಲ್ಲ, ಜನಸಂದಣಿಯೂ ಕಡಿಮೆ. ಮೊದಲು ಎದುರಾಗುವುದು ನಗಾರಖಾನೆ. ಈಗ ಅದರಲ್ಲಿ ವಸ್ತುಸಂಗ್ರಹಾಲಯವಿದೆ. ಅದನ್ನು ದಾಟಿ ಮುಂದೆ ಬಂದು, ಕೂಡಲೇ ಒಳಗೆ ನುಗ್ಗದೆ, ಹೊರಗೆ ಸ್ವಲ್ಪ ಹೊತ್ತು ನಿಲ್ಲಬೇಕು. ಕಟ್ಟಡದ ಯೋಜನೆ ಎಷ್ಟು ಸರಳವೆಂಬುದು ಆಗ ತಿಳಿಯುತ್ತದೆ. ಪ್ರತಿ ಬದಿಯೂ ಸುಮಾರು 47 ಮೀಟರ್ ಇರುವ ಒಂದು ಮಹಾಘನ. ಅದರ ನಾಲ್ಕು ಮೂಲೆಗಳಲ್ಲಿ ಏಳೇಳು ಅಂತಸ್ತಿನ ಎಂಟು ಮುಖದ ಗೋಪುರಗಳು. ಮೇಲೆ ಸುಮಾರು 44 ಮೀಟರ್ ಹೊರವ್ಯಾಸದ ಅರ್ಧಗೋಳ. ಗೋಡೆಗಳಿಗೆ ಬಳಸಿರುವುದು ಆ ಸೀಮೆಯಲ್ಲಿಯೇ ದೊರೆಯುವ ಕಪ್ಪು ಬೂದುಬಣ್ಣದ ಕಲ್ಲು. ಗುಮ್ಮಟಕ್ಕೆ ಇಟ್ಟಿಗೆ ಮತ್ತು ಸುಣ್ಣದ ಗಾರೆ. ಗೋಡೆಗಳ ದಪ್ಪವೇ ಸುಮಾರು 3 ಮೀಟರ್.

ಒಳಗೆ ಕಾಲಿಟ್ಟೊಡನೆ ನೋಡುಗನು ಮೂಕನಾಗುತ್ತಾನೆ. ಪ್ರತಿ ಬದಿಯೂ ಸುಮಾರು 41 ಮೀಟರ್ ಇರುವ ಆ ಚೌಕ ಹಜಾರದಲ್ಲಿ ಒಂದು ಕಂಬವೂ ಇಲ್ಲ. ಸುಮಾರು 1,700 ಚದರ ಮೀಟರ್ ನೆಲದ ಮೇಲೆ ಒಂದೇ ಗುಮ್ಮಟ ಕವಿದು ನಿಂತಿದೆ. ನಡುವಿನ ಎತ್ತರವಾದ ಜಗತಿಯ ಮೇಲೆ ಮಹಮದ್ ಆದಿಲ್‌ಶಹ ಮತ್ತು ಅವನ ಕುಟುಂಬದವರ ಗೋರಿಗಳಿವೆ. ಇವು ಕೇವಲ ಗುರುತಿನ ಗೋರಿಗಳು. ನಿಜವಾದ ಸಮಾಧಿಗಳು ಇವುಗಳ ನೇರ ಕೆಳಗೆ ನೆಲಮಾಳಿಗೆಯಲ್ಲಿವೆ. ದಕ್ಷಿಣ ಬಾಗಿಲಿನ ಮೇಲಿನ ಶಾಸನವು ಅರಸನ ಮರಣವನ್ನು ಸಾರುತ್ತದೆ.

ಇಲ್ಲಿ ನಿಂತು ಕತ್ತೆತ್ತಿ ನೋಡುವ ವಿದ್ಯಾರ್ಥಿಗೆ ಒಂದು ಪ್ರಶ್ನೆ ಹೊಳೆಯಬೇಕು. ಹಜಾರ ಚೌಕವಾಗಿದೆ, ಗುಮ್ಮಟ ದುಂಡಾಗಿದೆ. ಚೌಕದ ಮೇಲೆ ದುಂಡನ್ನು ಕೂರಿಸಿದುದು ಹೇಗೆ? ಇದಕ್ಕೆ ಉತ್ತರವನ್ನು ಒಂದು ಹಾಳೆಯ ಮೇಲೆ ನಾವೇ ಕಂಡುಕೊಳ್ಳಬಹುದು. ಒಂದು ಚೌಕವನ್ನು ಬರೆಯಿರಿ. ಅದೇ ಕೇಂದ್ರದ ಮೇಲೆ ಅಷ್ಟೇ ಅಳತೆಯ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿ ಬರೆಯಿರಿ. ಎಂಟು ಮೊನೆಗಳ ಒಂದು ನಕ್ಷತ್ರ ಮೂಡುತ್ತದೆ. ನಕ್ಷತ್ರದ ನಡುವೆ ಎಂಟು ಬದಿಗಳ ಒಂದು ಆಕೃತಿ ಉಳಿಯುತ್ತದೆ. ನಾಲ್ಕು ಬದಿಗಳ ಚೌಕಕ್ಕಿಂತ ಎಂಟು ಬದಿಗಳ ಈ ಆಕೃತಿ ವೃತ್ತಕ್ಕೆ ಎಷ್ಟೋ ಹತ್ತಿರವಾದುದು. ಅದರೊಳಗೆ ವೃತ್ತವೊಂದನ್ನು ಸುಲಭವಾಗಿ ಹೊಂದಿಸಬಹುದು. ಗೋಳಗುಮ್ಮಟದ ಶಿಲ್ಪಿಗಳು ಇದೇ ರೇಖೆಗಳನ್ನು ಕಮಾನುಗಳಾಗಿ ಮೇಲೆತ್ತಿದರು. ಎಂಟು ಎತ್ತರವಾದ ಕಮಾನುಗಳು ಒಂದನ್ನೊಂದು ಹಾಯ್ದು, ಮೇಲೇರುತ್ತ ಒಳಕ್ಕೆ ಬಾಗಿ, ದುಂಡಾದ ಒಂದು ಪೀಠವನ್ನು ಉಂಟುಮಾಡಿವೆ. ಆ ಪೀಠದ ಮೇಲೆ ಗುಮ್ಮಟ ಕುಳಿತಿದೆ.

ಈ ಏರ್ಪಾಡಿನಲ್ಲಿ ಇನ್ನೊಂದು ಜಾಣ್ಮೆಯೂ ಅಡಗಿದೆ. ಯಾವ ಗುಮ್ಮಟವೇ ಆಗಲಿ, ತನ್ನ ಭಾರದಿಂದ ಬುಡದಲ್ಲಿ ಹೊರಕ್ಕೆ ಒತ್ತುತ್ತದೆ. ಆ ಒತ್ತಡವನ್ನು ತಡೆಯದಿದ್ದರೆ ಗೋಡೆಗಳು ಸೀಳಿಹೋಗುತ್ತವೆ. ಇಲ್ಲಿ ಕಮಾನುಗಳ ನಡುವಿನ ಕಟ್ಟಣೆಯು ಹಜಾರದ ಕಡೆಗೆ, ಎಂದರೆ ಒಳಕ್ಕೆ, ಚಾಚಿಕೊಂಡಿದೆ. ಅದರ ಭಾರ ಒಳಕ್ಕೆ ಎಳೆಯುತ್ತದೆ; ಗುಮ್ಮಟದ ಭಾರ ಹೊರಕ್ಕೆ ಒತ್ತುತ್ತದೆ. ಒಂದು ಇನ್ನೊಂದನ್ನು ಸರಿದೂಗಿಸುತ್ತದೆ. ಹೀಗೆ ಎರಡು ಎದುರಾಳಿ ಶಕ್ತಿಗಳ ಒಪ್ಪಂದದಿಂದ ಈ ಕಟ್ಟಡ ಮೂರೂವರೆ ಶತಮಾನಗಳಿಗೂ ಮಿಕ್ಕಿ ನಿಂತಿದೆ.

ಗೋಳಗುಮ್ಮಟವು ಜಗತ್ತಿನಲ್ಲಿ ಎರಡನೆಯ ದೊಡ್ಡ ಗುಮ್ಮಟವೆಂಬ ಮಾತು ಬಳಕೆಯಲ್ಲಿದೆ. ಇದನ್ನು ವಿಚಾರಿಸಿ ನೋಡಬೇಕು. ಇದರ ಒಳವ್ಯಾಸ ಸುಮಾರು 38 ಮೀಟರ್. ರೋಮ್ ನಗರದ ಪ್ಯಾಂಥಿಯನ್ ಗುಮ್ಮಟದ ಒಳವ್ಯಾಸ ಸುಮಾರು 43 ಮೀಟರ್. ಅಲ್ಲಿಯ ಸಂತ ಪೀಟರನ ಚರ್ಚಿನದು 41 ಮೀಟರಿಗೂ ಹೆಚ್ಚು. ಆದರೆ ಪ್ಯಾಂಥಿಯನ್ನಿನ ಹಜಾರ ದುಂಡು, ಗೋಳಗುಮ್ಮಟದ್ದು ಚೌಕ. ಆದುದರಿಂದ ಗುಮ್ಮಟ ಕಿರಿದಾದರೂ ಅದು ಆವರಿಸಿದ ನೆಲ ಪ್ಯಾಂಥಿಯನ್ನಿನ ನೆಲಕ್ಕಿಂತ ಹಿರಿದು. ಚೌಕದ ಮೇಲೆ ದುಂಡನ್ನು ಕೂರಿಸಿದ ಆ ಜಾಣ್ಮೆಯೇ ಈ ಹಿರಿಮೆಗೆ ಕಾರಣ. ಸುಳ್ಳು ಹೊಗಳಿಕೆಯ ಅಗತ್ಯ ಇದಕ್ಕಿಲ್ಲ.

ಮೂಲೆಯ ಗೋಪುರದ ಸುತ್ತುಮೆಟ್ಟಿಲುಗಳನ್ನು ಏರಿ ಹೋದರೆ ಮೇಲಿನ ಬಿಸಿಲುಮಾಳಿಗೆ ಸಿಗುತ್ತದೆ. ಇಕ್ಕಟ್ಟಾದ ಆ ದಾರಿಯಲ್ಲಿ ಅವಸರ ಸಲ್ಲದು. ಮಾಳಿಗೆಯಿಂದ ನಗರವೆಲ್ಲ ಕೈಯಳತೆಯಲ್ಲಿ ಹರಡಿದಂತೆ ಕಾಣುತ್ತದೆ. ಅಲ್ಲಿಂದ ಗುಮ್ಮಟದ ಬುಡದ ಬಾಗಿಲುಗಳ ಮೂಲಕ ಒಳಗೆ ಹೋದರೆ, ಸುಮಾರು 3 ಮೀಟರಿಗೂ ಹೆಚ್ಚು ಅಗಲವಾದ ದುಂಡು ಮೊಗಸಾಲೆ. ಇದೇ ಲೋಕವಿಖ್ಯಾತವಾದ ಪಿಸುಮಾತಿನ ಮೊಗಸಾಲೆ. ಇಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ ಮಾತು, 38 ಮೀಟರ್ ಆಚೆ ಎದುರು ಗೋಡೆಗೆ ಕಿವಿಗೊಟ್ಟು ನಿಂತವನಿಗೆ ಸ್ಪಷ್ಟವಾಗಿ ಕೇಳಿಸುತ್ತದೆ.

ಇದರಲ್ಲಿ ಮಾಯೆಯಾಗಲಿ ಮಂತ್ರವಾಗಲಿ ಇಲ್ಲ. ಬಯಲಿನಲ್ಲಿ ಆಡಿದ ಮಾತು ಎಲ್ಲ ದಿಕ್ಕಿಗೂ ಹರಡಿ ಬೇಗನೆ ಕ್ಷೀಣಿಸುತ್ತದೆ. ಒಳಬಾಗಿದ ನುಣುಪಾದ ಗೋಡೆಯ ಬಳಿ ಹುಟ್ಟಿದ ಶಬ್ದವಾದರೋ ಗೋಡೆಗೆ ತಾಗಿ, ಪ್ರತಿಫಲಿಸಿ, ಮತ್ತೆ ತಾಗಿ, ಅದರ ಬಾಗನ್ನೇ ಅನುಸರಿಸಿ ಸಾಗುತ್ತದೆ. ಹರಡಿಹೋಗದ ಕಾರಣ ಅದರ ಬಲ ಉಳಿಯುತ್ತದೆ. ಚಪ್ಪಾಳೆ ತಟ್ಟಿದರೆ ಮರುಧ್ವನಿ ಏಳೆಂಟು ಸಲವಾದರೂ ಕೇಳಿಸುತ್ತದೆ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ದೂರ ಹೋಗುತ್ತದೆ. ಎದುರು ಗೋಡೆಗೆ ಹೋಗಿ ಮರಳಲು ಅದು ಕ್ರಮಿಸಬೇಕಾದ ದೂರ 76 ಮೀಟರ್. ಇದಕ್ಕೆ ಸೆಕೆಂಡಿನ ಕಾಲು ಭಾಗವೂ ಬೇಡ. ಆದರೂ ಮೂಲ ಶಬ್ದದಿಂದ ಬೇರೆಯಾಗಿ ಕೇಳಿಸಲು ಅಷ್ಟು ಅಂತರ ಸಾಕು. ಭೌತವಿಜ್ಞಾನಿ ಸಿ. ವಿ. ರಾಮನ್ ಅವರು 1920ರ ದಶಕದ ಆರಂಭದಲ್ಲಿ ಭಾರತದ ಇಂತಹ ಮೊಗಸಾಲೆಗಳನ್ನು ಅಭ್ಯಸಿಸಿದಾಗ ಗೋಳಗುಮ್ಮಟವನ್ನೂ ಅವುಗಳಲ್ಲಿ ಸೇರಿಸಿಕೊಂಡಿದ್ದರು.

ಇಷ್ಟು ಸೂಕ್ಷ್ಮವಾದ ಈ ಅದ್ಭುತಕ್ಕೆ ದೊಡ್ಡ ಶತ್ರುವೆಂದರೆ ಗದ್ದಲ. ಮೊಗಸಾಲೆಗೆ ಬಂದ ಪ್ರತಿಯೊಬ್ಬನೂ ತನ್ನ ಕೂಗು ಎಷ್ಟು ಸಲ ಮೊಳಗುವುದೆಂದು ನೋಡಲು ಅರಚಿದರೆ, ಒಬ್ಬನ ಮರುಧ್ವನಿ ಅಡಗುವ ಮೊದಲೇ ಇನ್ನೊಬ್ಬನ ಕೂಗು ಎದ್ದು, ಯಾರಿಗೂ ಏನೂ ಕೇಳಿಸದಂತಾಗುತ್ತದೆ. ಸಾವಿರಾರು ಜನ ಎಲ್ಲಿಂದಲೋ ಬಂದು, ಮೆಟ್ಟಿಲು ಹತ್ತಿ, ಕೇವಲ ಕೂಗಾಟವನ್ನು ಕೇಳಿ ಹಿಂದಿರುಗುವ ಪ್ರಸಂಗ ಬರುತ್ತದೆ. ಇಲ್ಲಿ ಒಬ್ಬನ ಪಿಸುಮಾತು ಇನ್ನೊಬ್ಬನನ್ನು ಮುಟ್ಟಬೇಕಾದರೆ ಉಳಿದವರೆಲ್ಲ ಮೌನದಿಂದಿರಬೇಕು. ಶಾಲೆಯಿಂದ ಬಂದ ತಂಡವು ಇಬ್ಬಿಬ್ಬರಂತೆ ಸರದಿಯಲ್ಲಿ ಮಾತನಾಡಿ, ಉಳಿದವರು ಆಲಿಸುತ್ತ ನಿಂತರೆ, ತಮಗೂ ಲಾಭ, ಇತರರಿಗೂ ಉಪಕಾರ.

ಗೋಡೆಗಳ ಮೇಲೆ ಹೆಸರು ಕೆತ್ತುವ ದುರಭ್ಯಾಸವೂ ನಮ್ಮಲ್ಲಿ ಕೆಲವರಿಗಿದೆ. ಈ ಕಟ್ಟಡದ ಕಲ್ಲು ಕಡಿದವರು, ಗಾರೆ ಅರೆದವರು, ಅಷ್ಟೆತ್ತರಕ್ಕೆ ಇಟ್ಟಿಗೆ ಹೊತ್ತವರು ಅಸಂಖ್ಯಾತ ಶ್ರಮಜೀವಿಗಳು. ಅವರ ಹೆಸರುಗಳನ್ನು ಯಾವ ಗೋಡೆಯೂ ಹೇಳುವುದಿಲ್ಲ. ಕಟ್ಟಿದವರೇ ತಮ್ಮ ಹೆಸರನ್ನು ಬಿಟ್ಟುಹೋಗದ ಕಡೆ, ಒಂದು ದಿನ ನೋಡಲು ಬಂದವರು ತಮ್ಮ ಹೆಸರನ್ನು ಗೀಚುವುದು ಎಷ್ಟು ಉಚಿತ? ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು 1958ರ ಕಾಯಿದೆಯಂತೆ ಅಪರಾಧ. 2010ರ ತಿದ್ದುಪಡಿಯು ಇದಕ್ಕೆ ಎರಡು ವರ್ಷಗಳವರೆಗಿನ ಸೆರೆವಾಸ, ಒಂದು ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಎರಡನ್ನೂ ವಿಧಿಸಿದೆ. ಆದರೆ ಶಿಕ್ಷೆಯ ಭಯದಿಂದ ಕೈ ತಡೆಯುವುದಕ್ಕಿಂತ ಗೌರವದಿಂದ ತಡೆಯುವುದು ಮೇಲು.

ಗೋಳಗುಮ್ಮಟವು ನಗರದ ಪೂರ್ವಕ್ಕಿದೆ. ಮಧ್ಯಾಹ್ನದ ಅನಂತರ ಪಶ್ಚಿಮದ ಕಡೆಗೆ ಸಾಗಿದರೆ ಮೂರು ತಾಣಗಳನ್ನು ನೆಮ್ಮದಿಯಾಗಿ ನೋಡಬಹುದು. ಮೊದಲನೆಯದು ಬಾರಾಕಮಾನು. 1656ರಿಂದ 1672ರವರೆಗೆ ಆಳಿದ ಇಮ್ಮಡಿ ಅಲಿ ಆದಿಲ್‌ಶಹನು ತನಗಾಗಿ ಕಟ್ಟಿಸತೊಡಗಿದ ಈ ಸಮಾಧಿ ಪೂರ್ಣಗೊಳ್ಳಲೇ ಇಲ್ಲ. ಛಾವಣಿಯಿಲ್ಲದೆ ನಿಂತ ಅದರ ಕಮಾನುಗಳು ಮನುಷ್ಯನ ಹಂಬಲಕ್ಕೂ ಆಯುಸ್ಸಿಗೂ ಇರುವ ಅಂತರವನ್ನು ನೆನಪಿಸುತ್ತವೆ. ಮುಂದೆ ಕೋಟೆಯ ಪಶ್ಚಿಮದ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ಎಂಬ ಫಿರಂಗಿ ಇದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ ಇದರ ಉದ್ದ ನಾಲ್ಕು ಮೀಟರಿಗೂ ಹೆಚ್ಚು. ತೂಕ ಸುಮಾರು 55 ಟನ್. ಬಾಯಿಯನ್ನು ಆನೆಯನ್ನು ಅಗಿಯುವ ಸಿಂಹದ ಮುಖವಾಗಿ ರೂಪಿಸಿದ್ದಾರೆ.

ಕೊನೆಯದು ಕೋಟೆಯ ಹೊರಗಿರುವ ಇಬ್ರಾಹಿಂ ರೋಜಾ. ಒಂದೇ ಜಗತಿಯ ಮೇಲೆ ಸಮಾಧಿ ಮತ್ತು ಮಸೀದಿ ಎದುರುಬದುರಾಗಿ ನಿಂತಿವೆ. ಬೆಳಗ್ಗೆ ಕಂಡ ಗಾತ್ರಕ್ಕೆ ಪ್ರತಿಯಾಗಿ ಇಲ್ಲಿ ಕಾಣುವುದು ಸೊಬಗು. ಅಕ್ಷರಗಳನ್ನೇ ಜಾಲಂಧ್ರಗಳನ್ನಾಗಿ ಕೊರೆದ ಕಿಟಕಿಗಳ ಮೂಲಕ ಬೆಳಕು ಒಳಗೆ ಸೋಸಿ ಬರುತ್ತದೆ. ಇಲ್ಲಿ ಮಲಗಿರುವ ಇಮ್ಮಡಿ ಇಬ್ರಾಹಿಂ ಆದಿಲ್‌ಶಹನು ಸಂಗೀತಪ್ರಿಯನಾಗಿದ್ದು, ದಖನಿ ಭಾಷೆಯಲ್ಲಿ ‘ಕಿತಾಬ್-ಎ-ನವರಸ್’ ಎಂಬ ಗೀತಸಂಗ್ರಹವನ್ನು ರಚಿಸಿದನು. ಅದರಲ್ಲಿ ಸರಸ್ವತಿಯ ಸ್ತುತಿಯಿದೆಯೆಂಬುದು ನೆನಪಿಡತಕ್ಕ ಸಂಗತಿ.

ವಿಜಯಪುರದ ಅರಸೊತ್ತಿಗೆ 1686ರಲ್ಲಿ ಮೊಗಲರ ಕೈಯಲ್ಲಿ ಅಳಿಯಿತು. ಆ ಅಧಿಕಾರ ಹೋಯಿತು, ಆ ಸೈನ್ಯ ಹೋಯಿತು. ಕಟ್ಟುವವರ ಬುದ್ಧಿ ಮತ್ತು ಶ್ರಮ ಮಾತ್ರ ಕಲ್ಲಿನಲ್ಲಿ ಉಳಿದಿವೆ. ಅದನ್ನು ನಾವು ಕಟ್ಟಿಸಿದವರಲ್ಲ; ಮುಂದಿನವರಿಗೆ ಒಪ್ಪಿಸಬೇಕಾದವರು. ಗೋಡೆಗೆ ಕಿವಿಗೊಟ್ಟು ಪಿಸುಮಾತನ್ನು ಆಲಿಸುವ ಸಂತೋಷವು ಇಂದಿನ ವಿದ್ಯಾರ್ಥಿಗೆ ದೊರೆತಂತೆ ನಾಳೆಯವನಿಗೂ ದೊರೆಯುವಂತೆ ನೋಡಿಕೊಳ್ಳುವ ಹೊಣೆ ಅಲ್ಲಿಗೆ ಹೋಗುವ ಪ್ರತಿಯೊಬ್ಬರದೂ ಆಗಿದೆ.