ಅಣ್ಣನ ಟಾರ್ಚ್ ಫೋನು

ಬೆಂಗಳೂರಿನ ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ಮನೆಯ ಹತ್ತಿರ ಒಂದು ಅಶ್ವತ್ಥಕಟ್ಟೆ ಇದೆ. ಗಾಜು ಒಡೆದ ದೇವರ ಪಟಗಳು, ಕೈ ಮುರಿದ ಕೃಷ್ಣ, ಬಣ್ಣ ಹೋದ ಲಕ್ಷ್ಮಿ ಎಲ್ಲರೂ ಅಲ್ಲಿ ಬಂದು ಕೂತಿದ್ದಾರೆ. ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಕಸದ ಗಾಡಿಗೆ ಹಾಕಲು ಮನಸ್ಸು ಬಾರದು, ಅದಕ್ಕೇ ಕಟ್ಟೆ. ಹಳೆಯ ಫೋನಿಗೆ ಅಂಥ ಕಟ್ಟೆ ಇಲ್ಲ. ಆಯುಧಪೂಜೆಯ ದಿನ ಸ್ಕೂಟರು, ಮಿಕ್ಸಿಗಳ ಸಾಲಿನಲ್ಲಿ ಅದಕ್ಕೂ ಅರಿಶಿನ ಕುಂಕುಮ ಇಡುತ್ತೇವೆ. ಕಳಿಸಿಕೊಡುವ ಶಾಸ್ತ್ರವನ್ನು ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ಅದು ಷೋಕೇಸಿನ ಕೆಳಗಿನ ಡ್ರಾಯರಿಗೆ ಹೋಗುತ್ತದೆ, ಅಲ್ಲೇ ಉಳಿಯುತ್ತದೆ.

ನಮ್ಮ ಡ್ರಾಯರಿನಲ್ಲಿ ಉಳಿದದ್ದು ಅಣ್ಣನ ನೋಕಿಯಾ 1100. ನಮ್ಮ ಮನೆಯಲ್ಲಿ ಅಪ್ಪನನ್ನು ಅಣ್ಣ ಎಂದೇ ಕರೆಯುವುದು. 2003ರ ಮೇ ತಿಂಗಳಿಂದ ಮೊಬೈಲಿಗೆ ಬರುವ ಕರೆಗಳಿಗೆ ದುಡ್ಡು ಕೊಡಬೇಕಿಲ್ಲ ಎಂದಾದ ಮೇಲೆಯೇ ಪಿಂಚಣಿದಾರರ ಕೈಗೆ ಫೋನು ಬಂದದ್ದು. ಅಣ್ಣನೂ ಜಯನಗರ ನಾಲ್ಕನೇ ಬ್ಲಾಕಿಗೆ ಹೋಗಿ ಇದನ್ನು ಕೊಂಡುಕೊಂಡು ಬಂದರು. ಅದೇ ವರ್ಷ ಬಂದ ಮಾದರಿ. ಭಾರತದಂಥ ದೇಶಗಳ ಧೂಳು, ಬೆವರು, ಕತ್ತಲೆಗಳನ್ನು ಲೆಕ್ಕ ಹಾಕಿಯೇ ಮಾಡಿದ್ದು. ಗುಂಡಿಗಳ ಸಂದಿಗೆ ಧೂಳು ಇಳಿಯದಂತೆ ಒಂದೇ ರಬ್ಬರ್ ಹಾಳೆ, ಕೈಜಾರದಂತೆ ಒರಟು ಬದಿ, ನೆತ್ತಿಯಲ್ಲಿ ಟಾರ್ಚು. ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಕರೆಂಟು ಹೋದರೆ ಅಣ್ಣ ‘ಸಿ’ ಗುಂಡಿ ಒತ್ತಿ ಹಿಡಿದುಕೊಂಡೇ ಮೀಟರ್ ಬೋರ್ಡಿನ ಹತ್ತಿರ ನಡೆಯುತ್ತಿದ್ದರು. ಸ್ಮಾರ್ಟ್‌ಫೋನ್ ಕೊಡಿಸುತ್ತೇವೆ ಅಂದರೆ, ‘ಇದರಲ್ಲಿ ಏನು ಕಮ್ಮಿಯಾಗಿದೆ?’ ಅನ್ನುವರು.

ಅವರು ಹೋದ ಮೇಲೆ ಅಮ್ಮ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ. ಕಾರಣ ಅದರೊಳಗಿನ ಎಸ್ಸೆಮ್ಮೆಸ್ಸುಗಳು. ಈ ಫೋನಿನಲ್ಲಿ 50 ಸಂದೇಶಗಳಷ್ಟೇ ಹಿಡಿಯುತ್ತವೆ. ಹೊಸದು ಬರಬೇಕಾದರೆ ಹಳೆಯದನ್ನು ಅಳಿಸಬೇಕು. ಅಂದರೆ ಉಳಿದಿದ್ದ ಒಂದೊಂದೂ ಅಣ್ಣ ಅಳಿಸದೆ ಬಿಟ್ಟದ್ದು. ಮೊಮ್ಮಗಳು ಹುಟ್ಟಿದ ರಾತ್ರಿ ಭಾವ ಕಳಿಸಿದ ಸುದ್ದಿ. ನನ್ನ ‘ಬಸ್ ಸಿಕ್ಕಿತು’. ಗಾಂಧಿಬಜಾರಿನಿಂದ ಅಣ್ಣನೇ ನನಗೆ ಕಳಿಸಿದ್ದು, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ: ‘ಸೊಗಡು ಅವರೆ ಬಂದಿದೆ ತರಲಾ’.

ಇಂಥ ಮಮತೆಯನ್ನು ದೌರ್ಬಲ್ಯ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 1990ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಜತೆಗಾರರು ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧ. ಕಾಫಿ ಲೋಟವನ್ನು ಕೈಗೆ ಪಡೆದವರು ಅದನ್ನು ಮಾರಲು ಸುಮಾರು 7 ಡಾಲರ್ ಕೇಳಿದರು. ಲೋಟವಿಲ್ಲದವರು 3 ಡಾಲರಿಗಿಂತ ಹೆಚ್ಚು ಕೊಡಲು ತಯಾರಿರಲಿಲ್ಲ. ನಮ್ಮದಾದ ಗಳಿಗೆಯಿಂದಲೇ ವಸ್ತುವಿನ ತೂಕ ಏರುತ್ತದೆ. ಆದರೆ ಅಮ್ಮನ ಸಂಗತಿಗೆ ಹೆಚ್ಚು ಹತ್ತಿರವಾದದ್ದು 1988ರಲ್ಲಿ ಪ್ರಾಧ್ಯಾಪಕ ರಸೆಲ್ ಬೆಲ್ಕ್ ಬರೆದದ್ದು: ನಮ್ಮ ವಸ್ತುಗಳು ನಮ್ಮತನದ ಚಾಚಿದ ಭಾಗ, ಅವು ಹೋದರೆ ನಮ್ಮದೇ ಒಂದು ಪಾಲು ಹೋದಂತೆ. ನಲವತ್ತು ವರ್ಷ ಸಂಸಾರ ಮಾಡಿದವಳಿಗೆ ಇದನ್ನು ಯಾವ ಪ್ರಾಧ್ಯಾಪಕರೂ ಹೇಳಬೇಕಾಗಿರಲಿಲ್ಲ.

ದಾರಿ ತೋರಿಸಿದ್ದು ಇನ್ನೊಂದು ಅಧ್ಯಯನ. 2017ರಲ್ಲಿ ಪ್ರಕಟವಾದದ್ದು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಹಾಸ್ಟೆಲುಗಳಲ್ಲಿ ಬೇಡದ ವಸ್ತುಗಳ ದಾನಕ್ಕೆ ಕರೆ ಕೊಟ್ಟರು. ಬರೀ ‘ತಂದುಕೊಡಿ’ ಎಂದ ಕಡೆ 533 ವಸ್ತುಗಳು ಬಂದವು. ‘ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ, ಆಮೇಲೆ ಕೊಡಿ’ ಎಂದ ಕಡೆ 613. ಜನ ಹಿಡಿದುಕೊಂಡಿದ್ದದ್ದು ನೆನಪನ್ನು. ಅದು ಬೇರೆಡೆ ಭದ್ರವಾಯಿತು ಎಂದಾಗ ಕೈ ಸಡಿಲವಾಯಿತು.

ನಾವೂ ಹಾಗೇ ಮಾಡಿದೆವು. ಆ ಫೋನಿನಲ್ಲಿ ಬ್ಲೂಟೂತ್ ಇಲ್ಲ, ಸಂದೇಶಗಳನ್ನು ಹೊರತೆಗೆಯುವ ಸುಲಭದ ಉಪಾಯವಿಲ್ಲ. ಒಂದು ಭಾನುವಾರ ಹೊಸ ಬ್ಯಾಟರಿ ಹಾಕಿ, ಅಮ್ಮ ಒಂದೊಂದೇ ಸಂದೇಶ ತೆರೆದು ಓದಿದಳು, ನಾನು ಆ ಪುಟ್ಟ ಪರದೆಯ ಫೋಟೋ ತೆಗೆದೆ. ಆಮೇಲೆ ಅವಳು ಎಲ್ಲವನ್ನೂ ಲೆಕ್ಕದ ಪುಸ್ತಕದಲ್ಲಿ ತನ್ನ ಅಕ್ಷರದಲ್ಲಿ ಬರೆದಿಟ್ಟಳು. ಪ್ರಿಂಟು ಹಾಕಿಸಿಕೊಡುತ್ತೇನೆ ಅಂದರೂ ಕೇಳಲಿಲ್ಲ.

ಹಳೆಯ ಬ್ಯಾಟರಿ ಮಾತ್ರ ಊದಿಕೊಂಡಿತ್ತು. ಲಿಥಿಯಂ ಬ್ಯಾಟರಿ ಹಳತಾದಂತೆ ಒಳಗಿನ ರಾಸಾಯನಿಕ ಒಡೆದು ಅನಿಲವಾಗುತ್ತದೆ. ಅಂಥದ್ದನ್ನು ಚಾರ್ಜಿಗೆ ಹಾಕಬಾರದು, ಒತ್ತಬಾರದು, ಚುಚ್ಚಬಾರದು. ಚುಚ್ಚಿದರೆ ಬೆಂಕಿ ಹತ್ತಬಹುದು. ಕಸದ ಲಾರಿಯೊಳಗೆ ಅದು ಒತ್ತಿಹೋದರೂ ಅಷ್ಟೇ ಅಪಾಯ. ಗುಜರಿಗೆ ಕೊಡುವುದೂ ಬೇಡ. ಎಷ್ಟೋ ಕಡೆ ತಾಮ್ರಕ್ಕಾಗಿ ವೈರು ಸುಡುತ್ತಾರೆ, ಚಿನ್ನದ ಲೇಪಕ್ಕಾಗಿ ಬೋರ್ಡನ್ನು ಆಸಿಡ್‌ಗೆ ಹಾಕುತ್ತಾರೆ; ಆ ಹೊಗೆ ಕುಡಿಯುವವರು ಅಲ್ಲಿ ಕೆಲಸ ಮಾಡುವ ಬಡವರು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇರುವ ಮರುಬಳಕೆ ಘಟಕಗಳು ನಮ್ಮಲ್ಲೇ ಇವೆ. ದಾಬಸ್‌ಪೇಟೆಯಲ್ಲಿ ಇ-ಪರಿಸರ ಶುರುವಾದದ್ದು 2005ರಲ್ಲೇ. ಸರಿಯಾದ ಕಡೆ ಸೇರಿದರೆ ಈ ಕಸದಿಂದ ಏನಾಗಬಹುದು ಎಂಬುದಕ್ಕೆ ಟೋಕಿಯೊ ಒಲಿಂಪಿಕ್ಸ್ ಸಾಕ್ಷಿ: ಜಪಾನಿನ ಜನ ಕೊಟ್ಟ ಸುಮಾರು 62 ಲಕ್ಷ ಫೋನುಗಳು ಮತ್ತು ಇತರ ಸಣ್ಣ ಸಾಧನಗಳಿಂದ 32 ಕಿಲೋ ಚಿನ್ನ ತೆಗೆದು, ಸುಮಾರು 5,000 ಪದಕಗಳಿಗೆ ಬೇಕಾದ ಲೋಹವನ್ನೆಲ್ಲ ಹೀಗೆಯೇ ಹೊಂದಿಸಿದರು. ಅಲ್ಲಿ ನೀರಜ್ ಚೋಪ್ರಾ ಕೊರಳಿಗೆ ಬಿದ್ದ ಪದಕವೂ ಅಂಥದ್ದೇ.

ಬ್ಯಾಟರಿ, ಸತ್ತ ಚಾರ್ಜರುಗಳ ಗಂಟನ್ನು ಇ-ತ್ಯಾಜ್ಯ ಸಂಗ್ರಹಕ್ಕೆ ಕೊಟ್ಟೆ. ಆದರೆ ಫೋನು ಗಟ್ಟಿಯಾಗಿತ್ತು. ಹೊಸ ಬ್ಯಾಟರಿ ಹಾಕಿದ್ದೇ ಎದ್ದು ಕೂತಿತ್ತು. ಕೆಲಸ ಮಾಡುವ ಯಂತ್ರವನ್ನು ಒಡೆಯಲು ಕೊಡುವುದು ತಪ್ಪು ಎಂದು ನನಗನ್ನಿಸುತ್ತದೆ, ಬಳಸುವವರಿಗೆ ಕೊಡಬೇಕು. ನಮ್ಮ ಬೀದಿಯ ರಾತ್ರಿ ಕಾವಲುಗಾರರು ರಾಯಚೂರಿನ ಕಡೆಯವರು. ಎಲ್ಲ ಅಳಿಸಿ, ಸಿಮ್ ತೆಗೆದು ಕೊಟ್ಟಾಗ ಟಾರ್ಚು ಹಚ್ಚಿ ನೋಡಿದರು. ‘ಅಕ್ಕಾರ, ಬೆಳಕು ಭಾಳ ಚಲೋ ಐತ್ರಿ’ ಅಂದರು. ‘ಯಾರಾದರೂ ಉಪಯೋಗಿಸಲಿ ಕಣೇ, ಅವರಿಗೂ ಅದೇ ಇಷ್ಟ’ ಅಂದಳು ಅಮ್ಮ.

ಸಿಮ್ಮಿನ ವಿಷಯ ಹೇಳಲೇಬೇಕು. ನಿಂತುಹೋದ ನಂಬರು ಕೆಲ ತಿಂಗಳಲ್ಲಿ ಬೇರೆಯವರ ಪಾಲಾಗುತ್ತದೆ. ಅದನ್ನು ಬಿಡುವ ಮೊದಲು ಬ್ಯಾಂಕು, ಗ್ಯಾಸು, ಪಿಂಚಣಿ ಖಾತೆಗಳಲ್ಲಿ ಮನೆಯವರ ಬೇರೆ ನಂಬರು ಬರೆಸಿ.

ನಿಮ್ಮ ಮನೆಯಲ್ಲೂ ಇಂಥ ಡ್ರಾಯರ್ ಇದ್ದರೆ ಈ ವಾರವೇ ತೆಗೆದು ನೋಡಿ. ಸಂದೇಶ, ಫೋಟೋ, ಧ್ವನಿ ಇದ್ದರೆ ಮೊದಲು ಅವನ್ನು ಉಳಿಸಿಕೊಳ್ಳಿ. ಊದಿದ ಬ್ಯಾಟರಿಯನ್ನು ಮಾತ್ರ ಒಂದು ದಿನವೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ.