ಕಲ್ಲಿಗೆ ಇಷ್ಟು ಹಣ: ರಾಯಚೂರು ಕೋಟೆಯ ಬಾಗಿಲುಗಳು

1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗುವವರೆಗೆ ಹುಲಿಹೈದರ, ಕನಕಗಿರಿ ಕಡೆಯ ಜನರಿಗೆ ಜಿಲ್ಲಾ ಕಚೇರಿ ಎಂದರೆ ರಾಯಚೂರು. ಕಾಗದಪತ್ರ ಹಿಡಿದು ಹೋದವರೆಲ್ಲ ಅಲ್ಲಿನ ಕೋಟೆಯನ್ನು ಕಂಡವರೇ. ನಿಂತು ನೋಡಿದವರು ಎಷ್ಟು ಮಂದಿಯೋ.

ಒಳಕೋಟೆಯ ಪಶ್ಚಿಮ ಗೋಡೆಯಲ್ಲಿ ಒಂದೇ ಕಲ್ಲಿದೆ, ಉದ್ದ 41 ಅಡಿಗೂ ಹೆಚ್ಚು. ಅದರ ಮೇಲಿನ ತೆಲುಗು ಶಾಸನ 1294ರದು. ಕಾಕತೀಯರ ಕಡೆಯ ದಂಡನಾಯಕ ವಿಠಲನಾಥ ಆದವಾನಿ, ತುಂಬಳ, ಮಾನ್ವಿಗಳನ್ನು ಗೆದ್ದು ಬಂದು ಈ ಕೋಟೆ ಕಟ್ಟಿಸಿದ ಎನ್ನುತ್ತದೆ. ಶಾಸನಕ್ಕಿಂತ ನನಗೆ ಹಿಡಿಸುವುದು ಅದೇ ಗೋಡೆಯ ಮೇಲೆ ಕೊರೆದ ಚಿತ್ರ. ಗಟ್ಟಿ ಗಾಲಿಯ ಬಂಡಿಯ ಮೇಲೆ ಆ ಕಲ್ಲು, ಮುಂದೆ ಕೋಣಗಳ ಉದ್ದ ಸಾಲು, ಗಾಲಿಗೆ ಸನ್ನೆಗೋಲು ಕೊಟ್ಟು ದೂಡುವ ಆಳುಗಳು. ದಂಡನಾಯಕನ ಹೆಸರಿನ ಪಕ್ಕದಲ್ಲೇ ಹೆಸರಿಲ್ಲದ ಬಂಡಿಯವರಿಗೂ ಜಾಗ ಸಿಕ್ಕಿದೆ. ಈ ಗೋಡೆಗೆ ಗಾರೆ ಇಲ್ಲ. ದೊಡ್ಡ ಕಣಶಿಲೆಗಳು ಒಂದಕ್ಕೊಂದು ಕಚ್ಚಿಕೊಂಡೇ ನಿಂತಿವೆ. ಒಳಕೋಟೆಯ ಬಾಗಿಲುಗಳು ಎರಡು: ಪೂರ್ವಕ್ಕೆ ಸಿಕಂದರಿ, ಪಶ್ಚಿಮಕ್ಕೆ ಸೈಲಾನಿ.

ಹೊರಕೋಟೆಗೆ ಐದು ದರವಾಜ: ಮೆಕ್ಕಾ, ನವರಂಗಿ, ಕಾಟಿ, ಖಂದಕ, ದೊಡ್ಡಿ. ನೇರವಾಗಿ ನುಗ್ಗಿದ ಆನೆಯೂ ದಂಡೂ ತಿರುವಿನಲ್ಲಿ ವೇಗ ಕಳೆದುಕೊಳ್ಳಲಿ ಎಂದು ಕೋಟೆಬಾಗಿಲಿನ ದಾರಿಯನ್ನು ಬಳಸಿ ತಿರುಗಿಸುತ್ತಿದ್ದ ಕಾಲ ಅದು. ತಿರುವಿನಲ್ಲಿ ಸಿಕ್ಕವರಿಗೆ ಮೇಲಿನಿಂದ ಬಾಣವೋ ಗುಂಡೋ. ಹಾಗಾಗಿ ಬುದ್ಧಿವಂತ ಮುತ್ತಿಗೆಗಾರ ಬಾಗಿಲಿನ ಗೊಡವೆಗೆ ಹೋಗದೆ ಗೋಡೆಗೇ ಕೈ ಹಾಕುತ್ತಿದ್ದ.

1520ರಲ್ಲಿ, ಬಿಜಾಪುರದ ಕೈಯಲ್ಲಿದ್ದ ಈ ಕೋಟೆಗೆ ಮುತ್ತಿಗೆ ಹಾಕಿದಾಗ, ವಿಜಯನಗರದ ಕೃಷ್ಣದೇವರಾಯ ಮಾಡಿದ್ದೂ ಅದನ್ನೇ. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟ ಪ್ರಕಾರ, ಗೋಡೆಯಿಂದ ಕಿತ್ತು ತಂದ ಪ್ರತಿ ಕಲ್ಲಿಗೂ ಅದರ ಗಾತ್ರ ನೋಡಿ ಸೈನಿಕರಿಗೆ ಹಣ ಎಣಿಸಲಾಗುತ್ತಿತ್ತು. ಜೀವ ಒತ್ತೆಯಿಟ್ಟು ಮಾಡುವ ಗುತ್ತಿಗೆ ಕೆಲಸ! ಕ್ರಿಸ್ಟೋವಾವೊ ಡಿ ಫಿಗೈರೆಡೊ ಎಂಬ ಪೋರ್ಚುಗೀಸ್ ನಾಯಕನ ಇಪ್ಪತ್ತು ಬಂದೂಕುದಾರರು ಮೇಲೆ ತಲೆ ತೋರಿದವರನ್ನೆಲ್ಲ ಗುರಿಯಿಟ್ಟು ಹೊಡೆದ ಮೇಲೆ ಕೆಳಗಿನವರ ಕೆಲಸ ಸಲೀಸಾಯಿತು. ಕೋಟೆಯ ಅಧಿಕಾರಿಯೂ ಇಣುಕಿ ನೋಡಲು ಹೋಗಿ ಗುಂಡಿಗೆ ಬಲಿಯಾದ.

ಗೆದ್ದ ರಾಯರು ಉತ್ತರಕ್ಕೆ ಬಾಗಿಲು ಕಟ್ಟಿಸಿದರು. ಅದೇ ನವರಂಗಿ, ಆಂಜನೇಯನೂ ನರ್ತಕಿಯರೂ ಅದರ ಗೋಡೆಗಳ ಮೇಲಿದ್ದಾರೆ. ಕೋಟೆ ಮತ್ತೆ ಬಿಜಾಪುರದ ಕೈಸೇರಿ, 1549ರ ಸುಮಾರಿಗೆ ಇಬ್ರಾಹಿಂ ಆದಿಲಶಾಹ ಹೊರಗೋಡೆ ಎತ್ತಿಸಿದ, ಸುತ್ತಲೂ ಕಂದಕ. ಸೋತವರ ಬಾಗಿಲೆಂದು ನವರಂಗಿಯನ್ನು ಕೆಡವಿಸಲಿಲ್ಲ. ಶಿಲ್ಪಗಳ ಸಮೇತ ಅದು ಆದಿಲಶಾಹಿ ಕೋಟೆಯ ಉತ್ತರದ ದರವಾಜವಾಗಿಯೇ ಉಳಿಯಿತು.